ಗೀಟು ಹಾಕುತ್ತಾ ಹೋದರೆ ಉಳಿಯುವ ಕಾರು

ನಾನು ಹದಿನಾಲ್ಕು ವರ್ಷ ಶೋರೂಮಿನಲ್ಲಿ ಕಾರು ಮಾರಿದವನು. ಮಾರಿದ್ದರಲ್ಲಿ ಹೆಚ್ಚಿನವು ಮಿಡ್‌ಸೈಜ್ ಸೆಡಾನ್‌ಗಳು, ಅಂದರೆ ಹಿಂದೆ ಬೇರೆಯೇ ಡಿಕ್ಕಿಯಿರುವ ಮಧ್ಯಮ ಗಾತ್ರದ ಕಾರುಗಳು. ಕೊಂಡವರು ಕೈ ಕುಲುಕಿ ಹೋದರು. ಆದರೆ ಪಾಠ ಕಲಿಸಿದವರು ಕೊಳ್ಳದೆ ಹೋದವರು. ಹಾಗಾಗಿ ಅಂಥ ಒಬ್ಬರ ಕಥೆಯಿಂದಲೇ ಶುರು ಮಾಡುತ್ತೇನೆ.

ಐವತ್ತರ ಆಸುಪಾಸಿನವರು. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ. ಬಿಡಿಸಿದರೆ ಮೇಲೆ ಮೂರು ಕಾರಿನ ಹೆಸರು, ಎಡಗಡೆ ಹನ್ನೊಂದು ಸಾಲು. ಎಂಜಿನ್, ಪವರ್, ಮೈಲೇಜ್, ಏರ್‌ಬ್ಯಾಗ್ ಎಷ್ಟು, ಡಿಕ್ಕಿ ಎಷ್ಟು ಲೀಟರ್, ಹೀಗೆ. ಇಂಥ ಹಾಳೆ ಹಿಡಿದು ಬಂದವರನ್ನು ಕಂಡರೆ ನಮಗೆ ಖುಷಿ. ಅರ್ಧ ಕೆಲಸ ಅವರೇ ಮುಗಿಸಿಕೊಂಡು ಬಂದಿರುತ್ತಾರೆ. ಹನ್ನೊಂದರಲ್ಲಿ ಏಳು ಸಾಲು ನಮ್ಮ ಕಾರಿನದೇ ಮೇಲುಗೈ. ಡಿಕ್ಕಿಯಂತೂ ಮೂರರಲ್ಲಿ ನಮ್ಮದೇ ದೊಡ್ಡದು. ಟೆಸ್ಟ್ ಡ್ರೈವ್ ಮುಗಿಸಿ ನಗುನಗುತ್ತಾ ಇಳಿದರು. ಆಮೇಲೆ "ಒಂದ್ನಿಮಿಷ ಇರಿ" ಅಂತ ತಾವು ಬಂದ ಹಳೇ ಕಾರಿನ ಹತ್ತಿರ ಹೋಗಿ, ಮಡಚಿದ ವೀಲ್‌ಚೇರ್ ಒಂದನ್ನು ಎತ್ತಿಕೊಂಡು ಬಂದರು. ಅವರ ತಂದೆಯದು.

ಆ ವೀಲ್‌ಚೇರ್ ನಮ್ಮ ಡಿಕ್ಕಿಗೆ ಹೋಗಲಿಲ್ಲ. ಒಳಗೆ ಜಾಗ ಬೇಕಾದಷ್ಟಿತ್ತು, ಬಾಯಿ ಚಿಕ್ಕದು. ಅಡ್ಡ ಹಿಡಿದರೆ ಚಕ್ರ ತಾಗುತ್ತದೆ, ಉದ್ದ ಹಿಡಿದರೆ ಹಿಡಿಕೆ ತಾಗುತ್ತದೆ. ಓರೆ ಮಾಡಿ, ನಾನೂ ಒಂದು ಕೈ ಹಾಕಿ, ಹೇಗೋ ತುರುಕಿದೆವು. ಮುಚ್ಚಳ ಹಾಕಲು ಹೋದರೆ ಅದರ ತೋಳು ಒಳಗೆ ಇಳಿದು ಬಂದು ನೇರವಾಗಿ ಚಕ್ರದ ಮೇಲೆ ಕೂತಿತು. ಮನೆಗೆ ಹೋದ ಮೇಲೆ ನಿಮ್ಮ ಕಾರಿನ ಡಿಕ್ಕಿಯನ್ನೂ ಒಮ್ಮೆ ತೆಗೆದು ನೋಡಿ. ಎಷ್ಟೋ ಸೆಡಾನ್‌ಗಳಲ್ಲಿ ಮುಚ್ಚಳದ ಎರಡೂ ಬದಿಗೆ ಬಾತುಕೋಳಿ ಕತ್ತಿನ ಹಾಗೆ ಬಾಗಿದ ಲೋಹದ ತೋಳಿರುತ್ತದೆ. ಮುಚ್ಚಿದಾಗ ಅದು ಸಾಮಾನಿನ ಜಾಗಕ್ಕೇ ಇಳಿಯುತ್ತದೆ. ಲೀಟರ್ ಲೆಕ್ಕ ಓದಿದವರಿಗೆ ಇದು ಗೊತ್ತಾಗುವುದಿಲ್ಲ.

ಅವರು ಜೇಬಿನಿಂದ ಹಾಳೆ ತೆಗೆದರು. ಬಾನೆಟ್ ಮೇಲೆ ಹರಡಿ, ನಮ್ಮ ಕಾರಿನ ಹೆಸರಿನ ಮೇಲೆ ಪೆನ್ನಿನಿಂದ ಉದ್ದಕ್ಕೆ ಒಂದು ಗೀಟು ಎಳೆದರು. ಏಳು ಸಾಲು ಗೆದ್ದಿದ್ದ ಕಾರು ಅದು! ತಮಾಷೆ ಏನೆಂದರೆ, ವೀಲ್‌ಚೇರ್ ಅನ್ನುವ ಸಾಲು ಆ ಹಾಳೆಯಲ್ಲಿ ಇರಲೇ ಇಲ್ಲ.

ಇವತ್ತಿನ ನನ್ನ ಮಾತೆಲ್ಲ ಆ ಗೀಟಿನ ಬಗ್ಗೆಯೇ. ಒಂದು ಕಾರು ಪೈಪೋಟಿಯಲ್ಲಿ ಯಾಕೆ ಗೆದ್ದಿತು ಅಂತ ಎಲ್ಲರೂ ಕೇಳುತ್ತಾರೆ. ಉಳಿದವಕ್ಕೆ ಯಾವ ಕಾರಣಕ್ಕೆ ಗೀಟು ಬಿತ್ತು ಅಂತ ಕೇಳಿ ನೋಡಿ, ಉತ್ತರ ಬೇಗ ಸಿಗುತ್ತದೆ. ನಾನು ಕಂಡ ಮಟ್ಟಿಗೆ ಈ ವರ್ಗದ ಕಾರನ್ನು ಜನ ಆರಿಸಿಕೊಳ್ಳುವುದು ಕಡಿಮೆ. ಒಂದೊಂದನ್ನೇ ಬಿಡುತ್ತಾ ಹೋಗುತ್ತಾರೆ, ಕೊನೆಗೆ ಉಳಿದದ್ದನ್ನು ಮನೆಗೆ ತರುತ್ತಾರೆ.

ಇದು ನಾನೊಬ್ಬನೇ ಕಂಡುಕೊಂಡದ್ದೇನೂ ಅಲ್ಲ. ಏಮೋಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞ 1972ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ತುಂಬಾ ಆಯ್ಕೆಗಳಿದ್ದಾಗ ಮನುಷ್ಯ ಎಲ್ಲದಕ್ಕೂ ಅಂಕ ಕೊಟ್ಟು ಕೂಡಿಸುತ್ತಾ ಕೂರುವುದಿಲ್ಲ. ಒಂದು ಗುಣ ಹಿಡಿದುಕೊಳ್ಳುತ್ತಾನೆ, ಅದಿಲ್ಲದ್ದನ್ನೆಲ್ಲ ಕೈಬಿಡುತ್ತಾನೆ. ಆಮೇಲೆ ಇನ್ನೊಂದು ಗುಣ. ಹೀಗೆ ಒಂದೇ ಉಳಿಯುವ ತನಕ. ಇದರಲ್ಲಿ ಒಂದು ಎಡವಟ್ಟಿದೆ. ಯಾವ ಗುಣವನ್ನು ಮೊದಲು ಹಿಡಿದಿರಿ ಅನ್ನುವುದರ ಮೇಲೆ ಕೊನೆಗೆ ಉಳಿಯುವ ಕಾರೇ ಬದಲಾಗಬಹುದು. ಮೈಲೇಜಿನಿಂದ ಶುರು ಮಾಡಿದ ಅಣ್ಣ ಒಂದು ಕಾರು ತಂದ, ಹಿಂದಿನ ಸೀಟಿನಿಂದ ಶುರು ಮಾಡಿದ ತಮ್ಮ ಬೇರೆಯದನ್ನೇ ತಂದ. ಇಬ್ಬರೂ ನೋಡಿದ್ದು ಅದೇ ಮೂರು ಕಾರು. ಇಂಥ ಅಣ್ಣತಮ್ಮಂದಿರಿಗೆ ನಾನೇ ಕಾರು ತೋರಿಸಿದ್ದೇನೆ.

ಬೇರೆ ಕಾರುಗಳಿಗೂ ಇದು ಅನ್ವಯಿಸುತ್ತದೆ. ಆದರೂ ಮಿಡ್‌ಸೈಜ್ ಸೆಡಾನಿನಲ್ಲಿ ಯಾಕೆ ಇಷ್ಟು ಎದ್ದು ಕಾಣುತ್ತದೆ? ಇಲ್ಲಿ ಕಾರುಗಳ ನಡುವೆ ದೊಡ್ಡ ವ್ಯತ್ಯಾಸವೇ ಇಲ್ಲ, ಅದಕ್ಕೆ. ಸ್ಪೋರ್ಟ್ಸ್ ಕಾರಿನ ಮೇಲೆ ಮನಸ್ಸಾಗುತ್ತದೆ, ಕೊಳ್ಳುತ್ತಾರೆ. ಸಣ್ಣ ಕಾರಿನಲ್ಲಿ ಕೈಯಲ್ಲಿರುವ ದುಡ್ಡು ಮಾತಾಡುತ್ತದೆ. ಮಧ್ಯದ ಸೆಡಾನ್ ಮನೆಯವರೆಲ್ಲ ಒಪ್ಪಬೇಕಾದ ಕಾರು. ಐದು ಸೀಟು, ನಾಲ್ಕು ಸಿಲಿಂಡರ್, ಮುಂದಿನ ಚಕ್ರ ತಿರುಗಿಸುವ ಎಂಜಿನ್, ಹಿಂದೊಂದು ಡಿಕ್ಕಿ. ಲಾಂಛನ ಮುಚ್ಚಿ ಪಕ್ಕದಿಂದ ತೋರಿಸಿದರೆ ಮಾರುವ ನಾವೇ ಎಷ್ಟೋ ಸಲ ತಡವರಿಸುತ್ತೇವೆ. ಎಲ್ಲವೂ ಚೆನ್ನಾಗಿಯೇ ಇರುವಾಗ ಚೆನ್ನಾಗಿದೆ ಅನ್ನುವುದು ಕಾರಣವಾಗುವುದಿಲ್ಲ. ಒಂದು ಸಣ್ಣ ಕೊರತೆ ಸಾಕು, ಅದೇ ದೊಡ್ಡದಾಗುತ್ತದೆ.

ಅಂದಹಾಗೆ ಮಿಡ್‌ಸೈಜ್ ಅಂದರೆ ಎಷ್ಟು ದೊಡ್ಡದು? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗೆ ಇದಕ್ಕೊಂದು ಲೆಕ್ಕವಿದೆ. ಕೂರುವ ಜಾಗ, ಡಿಕ್ಕಿ ಎರಡೂ ಸೇರಿ 110ರಿಂದ 120 ಘನ ಅಡಿಯೊಳಗಿದ್ದರೆ ಅದು ಮಿಡ್‌ಸೈಜ್. ನಮ್ಮ ಲೆಕ್ಕದಲ್ಲಿ ಸುಮಾರು 3,100ರಿಂದ 3,400 ಲೀಟರ್. 2008ರ ಹೋಂಡಾ ಅಕಾರ್ಡ್ ಬೆಳೆದು ಬೆಳೆದು ಈ ಗೆರೆ ದಾಟಿ ದೊಡ್ಡ ಕಾರುಗಳ ಪಟ್ಟಿಗೆ ಹೋಗಿಬಿಟ್ಟಿತು. ಕೊಳ್ಳುವವರು ಕ್ಯಾರೇ ಅನ್ನಲಿಲ್ಲ. ಅದನ್ನು ಮೊದಲಿನ ಹಾಗೆ ಟೊಯೊಟಾ ಕ್ಯಾಮ್ರಿಯ ಜೊತೆಗೇ ಇಟ್ಟು ನೋಡಿದರು. 1976ರಲ್ಲಿ ಮೊದಲ ಅಕಾರ್ಡ್ ಬಂದಾಗ ಉದ್ದ 4.1 ಮೀಟರಿನಷ್ಟಿತ್ತು. ಈಗಿನದು ಐದು ಮೀಟರಿಗೆ ಒಂದು ಗೇಣೂ ಕಡಿಮೆಯಿಲ್ಲ. ಹೆಸರು ಅದೇ, ಮೈ ಮಾತ್ರ ತುಂಬಿಕೊಂಡಿತು. ನನ್ನನ್ನು ಕೇಳಿದರೆ, ಕೊಳ್ಳುವವರ ಹಾಳೆಯಲ್ಲಿ ಅಕ್ಕಪಕ್ಕ ಯಾವುದು ಬರುತ್ತದೋ ಅದೇ ಮಿಡ್‌ಸೈಜ್.

ಈಗ ಮುಖ್ಯ ವಿಷಯಕ್ಕೆ ಬರೋಣ. ಮೊದಲ ಗೀಟು ಬೀಳುವುದು ಶೋರೂಮಿಗೆ ಕಾಲಿಡುವ ಮುಂಚೆಯೇ. ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಸುಜುಕಿ ಕಿಜಾಶಿ ಎಂಬ ಸೆಡಾನ್. ನಿಮ್ಮಲ್ಲಿ ಎಷ್ಟು ಜನ ಅದನ್ನು ರಸ್ತೆಯಲ್ಲಿ ನೋಡಿದ್ದೀರಿ? ಎರಡು ಕೈ. ಸರಿ.

2012ರ ಡಿಸೆಂಬರ್. ಅಮೆರಿಕದಲ್ಲಿ ವಿಮಾ ಕಂಪನಿಗಳ ಹಣದಲ್ಲಿ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆ, ಐಐಎಚ್‌ಎಸ್, 18 ಮಿಡ್‌ಸೈಜ್ ಕಾರುಗಳನ್ನು ಒಂದು ಹೊಸ ಪರೀಕ್ಷೆಗೆ ಒಡ್ಡಿತು. ಕಾರಿನ ಮೂತಿಯ ಪೂರ್ತಿ ಅಗಲ ಗುದ್ದುವುದಿಲ್ಲ. ಚಾಲಕನ ಬದಿಯ ಕಾಲುಭಾಗ ಮಾತ್ರ ಗಟ್ಟಿ ತಡೆಗೋಡೆಗೆ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಬಡಿಯುತ್ತದೆ. ಮರಕ್ಕೋ ಕಂಬಕ್ಕೋ ಓರೆಯಾಗಿ ತಾಗಿದಂತೆ. ಇದು ಕಷ್ಟದ ಪರೀಕ್ಷೆ. ಎಂಜಿನ್ ಮುಂದಿನ ಗಟ್ಟಿ ತೊಲೆಗಳು ಪಕ್ಕಕ್ಕೆ ಉಳಿದುಬಿಡುತ್ತವೆ, ಪೆಟ್ಟು ಸೀದಾ ಚಕ್ರದ ಕಡೆಯಿಂದ ಕಾಲಿನ ಜಾಗಕ್ಕೆ ಬರುತ್ತದೆ. 18ರಲ್ಲಿ ಅತ್ಯುತ್ತಮ ದರ್ಜೆ ಸಿಕ್ಕಿದ್ದು ಎರಡಕ್ಕೆ ಮಾತ್ರ. ಒಂದು ಹೋಂಡಾ ಅಕಾರ್ಡ್. ಇನ್ನೊಂದು ಈ ಕಿಜಾಶಿ. ತೀರಾ ಕೆಳಗಿನ ದರ್ಜೆ ಸಿಕ್ಕಿದ್ದೂ ಎರಡಕ್ಕೆ, ಎರಡೂ ಟೊಯೊಟಾದವು. ಅದರಲ್ಲೊಂದು ಕ್ಯಾಮ್ರಿ.

ಮುಂದೇನಾಗಬೇಕಿತ್ತು? ಜನ ಕಿಜಾಶಿಗೆ ಮುಗಿಬೀಳಬೇಕು, ಕ್ಯಾಮ್ರಿ ಮಾರಾಟ ನೆಲ ಕಚ್ಚಬೇಕು, ಅಲ್ವಾ? 2013ರಲ್ಲಿ ಅಮೆರಿಕದಲ್ಲಿ ಕ್ಯಾಮ್ರಿ 4 ಲಕ್ಷಕ್ಕೂ ಜಾಸ್ತಿ ಮಾರಾಟವಾಗಿ ಕಾರುಗಳಲ್ಲಿ ಮತ್ತೆ ಮೊದಲ ಸ್ಥಾನದಲ್ಲಿ ನಿಂತಿತು. ಕಿಜಾಶಿ ಕಥೆ ಆ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೇ ಮುಗಿದಿತ್ತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಸುಜುಕಿ ಅಮೆರಿಕದಲ್ಲಿ ಕಾರು ಮಾರುವುದನ್ನೇ ನಿಲ್ಲಿಸುತ್ತೇವೆ ಎಂದು ಹೇಳಿತ್ತು.

ಜನಕ್ಕೆ ಪ್ರಾಣದ ಮೇಲೆ ಆಸೆ ಇಲ್ಲವೇ ಅಂತ ನೀವು ಕೇಳಬಹುದು. ಖಂಡಿತ ಇದೆ. ಟೊಯೊಟಾಕ್ಕೂ ಅದು ಗೊತ್ತಿತ್ತು. ಅವರು ಸುಮ್ನೆ ಕೂರಲಿಲ್ಲ, ಮೂತಿಯ ಭಾಗಗಳನ್ನು ಬದಲಿಸಿದರು, ಒಂದು ವರ್ಷದೊಳಗೆ ದರ್ಜೆ ಮೇಲೇರಿತು. ಆದರೆ ಕೊಳ್ಳುವವರ ಮನಸ್ಸಿನಲ್ಲಿ ಕಿಜಾಶಿಗೆ ಗೀಟು ಬಿದ್ದದ್ದು ತುಂಬಾ ಹಿಂದೆ. ಸುರಕ್ಷತೆಯ ಸಾಲಿನ ತನಕ ಅದು ಬರಲೇ ಇಲ್ಲ. "ಸರ್ವೀಸ್ ಎಲ್ಲಿ ಸಿಗುತ್ತೆ? ಪಾರ್ಟ್ಸ್ ಸಿಗುತ್ತಾ? ಐದು ವರ್ಷ ಬಿಟ್ಟು ಇದನ್ನು ಯಾರಾದ್ರೂ ತಗೋತಾರಾ?" ಈ ಮೂರು ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಆಯಿತು, ಕಾರು ಎಷ್ಟು ಚೆನ್ನಾಗಿದ್ದರೂ ಹೋಯಿತು.

ಮೂರನೇ ಪ್ರಶ್ನೆ ಬಹಳ ಬಲವಾದದ್ದು. ಮಾರುವಾಗ ಎಷ್ಟು ಸಿಗುತ್ತದೆ ಅನ್ನುವುದು ಕೊಳ್ಳುವ ದಿನವೇ ತಲೆಯಲ್ಲಿ ಕೊರೆಯುತ್ತಿರುತ್ತದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರಿನ ಸಂತೆಯನ್ನೇ ಇಟ್ಟುಕೊಂಡು ಒಂದು ಪ್ರಬಂಧ ಬರೆದರು. ಮುಂದೆ 2001ರಲ್ಲಿ ನೊಬೆಲ್ ಹಂಚಿಕೊಂಡರು. ಅವರ ವಾದ ಸರಳ. ಹಳೆ ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಕಾರಿನಲ್ಲೂ ಹುಳುಕಿರಬಹುದು ಅಂದುಕೊಂಡು ಕಡಿಮೆಗೆ ಕೇಳುತ್ತಾನೆ. ಒಳ್ಳೆ ಕಾರು ಇಟ್ಟುಕೊಂಡವನಿಗೆ ಆ ರೇಟು ಗಿಟ್ಟುವುದಿಲ್ಲ, ಅವನು ಮಾರಲು ಬರುವುದೇ ಇಲ್ಲ. ಕೊನೆಗೆ ಸಂತೆಯಲ್ಲಿ ಹುಳುಕು ಕಾರುಗಳೇ ಜಾಸ್ತಿಯಾಗುತ್ತವೆ.

ಈಗ ಇದನ್ನು ಕ್ಯಾಮ್ರಿ, ಅಕಾರ್ಡ್‌ಗೆ ಹಚ್ಚಿ ನೋಡಿ. "ಆ ಕಾರಾ? ಅದಕ್ಕೇನೂ ಆಗಲ್ಲ ಬಿಡಿ" ಅನ್ನುವ ಮಾತು ಒಮ್ಮೆ ಊರಿಗೆಲ್ಲ ಹರಡಿದರೆ ಹಳೆ ಕಾರಿನ ಮೇಲಿನ ಅನುಮಾನ ಇಳಿಯುತ್ತದೆ. ಅನುಮಾನ ಇಳಿದಷ್ಟು ಹಳೆ ಕಾರಿಗೆ ಒಳ್ಳೆ ರೇಟು. ಹಳೆಯದಕ್ಕೆ ರೇಟು ಚೆನ್ನಾಗಿದ್ದರೆ ಹೊಸದನ್ನು ಕೊಳ್ಳಲು ಧೈರ್ಯ. ಹೆಚ್ಚು ಮಾರಾಟವಾದಷ್ಟು ಮೆಕ್ಯಾನಿಕ್‌ಗಳಿಗೆ ಕೈ ಪಳಗುತ್ತದೆ, ಪಾರ್ಟ್ಸ್ ಎಲ್ಲ ಕಡೆ ಸಿಗುತ್ತದೆ. ಚಕ್ರ ತಿರುಗುತ್ತಲೇ ಇರುತ್ತದೆ. ಕಿಜಾಶಿಗೆ ಇದೇ ಚಕ್ರ ಉಲ್ಟಾ ತಿರುಗಿತು. 1997ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ, 2001 ಒಂದನ್ನು ಬಿಟ್ಟು, ಅಮೆರಿಕದಲ್ಲಿ ಹೆಚ್ಚು ಮಾರಾಟವಾದ ಕಾರು ಕ್ಯಾಮ್ರಿಯೇ. 2001ರಲ್ಲಿ ಅಕಾರ್ಡ್. ಕ್ಯಾಮ್ರಿ ಓಡಿಸಿ ಮೈ ಜುಮ್ಮೆಂದಿತು ಅಂತ ಹೇಳಿದವರನ್ನು ನಾನಂತೂ ಕಂಡಿಲ್ಲ. ಗೀಟು ಹಾಕಲು ಕಾರಣ ಸಿಗಲಿಲ್ಲ ಅಂದವರನ್ನು ಬೇಕಾದಷ್ಟು ಕಂಡಿದ್ದೇನೆ.

ಹಾಗಾದರೆ ಹೆಸರು ಕೆಟ್ಟ ಕಂಪನಿ ಏನು ಮಾಡಬೇಕು? ಹ್ಯುಂಡೈ ಮಾಡಿದ್ದನ್ನು ನೋಡಿ. ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ಅವರ ಕಾರು ಅಂದರೆ ಜನ ಮೂಗು ಮುರಿಯುತ್ತಿದ್ದರು. 1998ರಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ 10 ವರ್ಷ ಅಥವಾ 1 ಲಕ್ಷ ಮೈಲಿ ವಾರಂಟಿ ಎಂದು ಘೋಷಿಸಿದರು. 1 ಲಕ್ಷ ಮೈಲಿ ಅಂದರೆ ಹತ್ತಿರ ಹತ್ತಿರ 1.6 ಲಕ್ಷ ಕಿಲೋಮೀಟರ್. ಒಂದೇ ರಾತ್ರಿಯಲ್ಲಿ ಕಾರೇನೂ ಬದಲಾಗಲಿಲ್ಲ. ಗೀಟು ಹಾಕಲು ಎತ್ತಿದ ಪೆನ್ನು ಮಾತ್ರ ಅರ್ಧಕ್ಕೆ ನಿಂತಿತು. ಅದರಲ್ಲೂ ಒಂದು ಜಾಣತನವಿದೆ. ಹತ್ತು ವರ್ಷದ ಪೂರ್ತಿ ವಾರಂಟಿ ಮೊದಲ ಮಾಲೀಕನಿಗೆ. ಅವನು ಮಾರಿದರೆ ಮುಂದಿನವನಿಗೆ ಅಷ್ಟು ಸಿಗುವುದಿಲ್ಲ. ಕೆಟ್ಟರೆ ಏನು ಗತಿ ಅನ್ನುವ ಭಯಕ್ಕೆ ಉತ್ತರ ಸಿಕ್ಕಿತು, ಮಾರಿದರೆ ಎಷ್ಟು ಬರುತ್ತೆ ಅನ್ನುವುದಕ್ಕೆ ಪೂರ್ತಿ ಸಿಗಲಿಲ್ಲ.

2009ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಲ್ಲಿ ಜನ ಕೆಲಸ ಕಳೆದುಕೊಳ್ಳುತ್ತಿದ್ದ ಕಾಲ. ಕಾರು ಕೊಂಡ ಒಂದು ವರ್ಷದೊಳಗೆ ಕೆಲಸ ಹೋದರೆ ಕಾರನ್ನು ವಾಪಸ್ ಕೊಡಿ ಅಂದರು. ಕಾರು ಮಾರುಕಟ್ಟೆಯೇ ಕುಸಿದಿದ್ದ ಆ ವರ್ಷ ಅಮೆರಿಕದಲ್ಲಿ ಹ್ಯುಂಡೈ ಮಾರಾಟ ಏರಿತು. ಕೊಳ್ಳುವವರನ್ನು ತಡೆದಿದ್ದ ಕೈ ಯಾವುದೆಂದು ಅವರು ಸರಿಯಾಗಿ ಗುರುತಿಸಿದ್ದರು. ಆ ಕೈಗೂ ಕಾರಿಗೂ ಸಂಬಂಧವೇ ಇರಲಿಲ್ಲ ನೋಡಿ.

ಚಂದದ ವಿಷಯಕ್ಕೆ ಬರುತ್ತೇನೆ. ಈ ವರ್ಗದಲ್ಲಿ ಚಂದ ಕಾರನ್ನು ಗೆಲ್ಲಿಸುವುದಕ್ಕಿಂತ ವಿಚಿತ್ರ ರೂಪ ಸೋಲಿಸುವುದೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಇದಕ್ಕೆ ಫೋರ್ಡ್ ಟಾರಸ್ ಸಾಕ್ಷಿ. 1986ರ ಮಾದರಿಯಾಗಿ ಅದು ಬಂದಾಗ ಸುತ್ತಲಿನ ಕಾರುಗಳೆಲ್ಲ ಪೆಟ್ಟಿಗೆಯ ಹಾಗಿದ್ದವು. ಟಾರಸ್ ದುಂಡಗೆ, ಸೋಪು ಸವೆದ ಹಾಗೆ. ಗೆದ್ದಿತು. ಯಾಕೆಂದರೆ ಆ ದುಂಡಗಿನ ಮೈಗೆ ಒಂದು ಕೆಲಸವಿತ್ತು. ಗಾಳಿಯನ್ನು ಸಲೀಸಾಗಿ ಸೀಳುತ್ತಿತ್ತು, ಒಳಗೆ ಜಾಗ ಧಾರಾಳ, ರಸ್ತೆಯಿಂದ ಕಣ್ಣು ತೆಗೆಯದೆ ಕೈ ಸವರಿಯೇ ಗುಂಡಿ ಗುರುತಿಸುವಂತೆ ಡ್ಯಾಶ್‌ಬೋರ್ಡ್ ಮಾಡಿದ್ದರು. 1992ರಿಂದ 1996ರವರೆಗೆ ಅಮೆರಿಕದಲ್ಲಿ ಹೆಚ್ಚು ಮಾರಾಟವಾದ ಕಾರು ಅದೇ. 1996ರ ಮಾದರಿಯಲ್ಲಿ ಮೊಟ್ಟೆಯಾಕಾರದ ಹುಚ್ಚು ಹಿಡಿಯಿತು. ಲೈಟು ಮೊಟ್ಟೆ, ಹಿಂದಿನ ಗಾಜು ಮೊಟ್ಟೆ, ಒಳಗಿನ ಗುಂಡಿಗಳ ಗುಂಪೂ ಮೊಟ್ಟೆ. ಇಷ್ಟಪಟ್ಟವರು ಇಷ್ಟಪಟ್ಟರು. ಇಷ್ಟಪಡದವರ ಕೈಯಲ್ಲಿ ಪೆನ್ನಿತ್ತು. ಮರುವರ್ಷ ಹೊಸ ಕ್ಯಾಮ್ರಿ ಬಂತು, ಸಾದಾ ಸೀದಾ ಮುಖ. ಮೊದಲ ಸ್ಥಾನ ಅದರದಾಯಿತು.

ಹೆಚ್ಚು ಮಾರಾಟ ಅನ್ನುವ ಮಾತನ್ನೂ ಸ್ವಲ್ಪ ಎಚ್ಚರದಿಂದ ಕೇಳಬೇಕು. ಆ ಕಾಲದ ಟಾರಸ್‌ಗಳಲ್ಲಿ ದೊಡ್ಡ ಪಾಲು ಬಾಡಿಗೆ ಕಂಪನಿಗಳಿಗೂ ಆಫೀಸುಗಳಿಗೂ ಹೋಗುತ್ತಿತ್ತು. ಅವರು ಸಗಟಾಗಿ ಕೊಳ್ಳುತ್ತಾರೆ, ಬೇಗ ಮಾರುತ್ತಾರೆ. ಸಂತೆಗೆ ಒಟ್ಟಿಗೇ ನೂರಾರು ಕಾರು ಬಂದು ಬಿದ್ದರೆ ಹಳೆ ಕಾರಿನ ರೇಟು ಬೀಳುತ್ತದೆ. ಸ್ವಂತ ದುಡ್ಡಿನಲ್ಲಿ ಕೊಂಡವರಿಗೆ ಅದರ ಬಿಸಿ ತಟ್ಟುತ್ತದೆ.

ಈಗ ಶೋರೂಮಿನೊಳಗೆ ಬನ್ನಿ. ಇಲ್ಲಿ ಬೀಳುವ ಗೀಟುಗಳು ಸಣ್ಣವು, ತಮಾಷೆಯವು. ಬಂದವರು ಮೊದಲು ಮಾಡುವ ಕೆಲಸ ಏನು ಗೊತ್ತಾ? ಬಾಗಿಲು ತೆಗೆದು ಹಾಕುತ್ತಾರೆ. "ಡಬ್" ಅಂದರೆ ಕಾರು ಗಟ್ಟಿ. "ಟಣ್" ಅಂದರೆ ಡಬ್ಬ. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ಬಾಗಿಲಿನ ಚಿಲಕ, ಸುತ್ತಲಿನ ರಬ್ಬರು, ತಗಡಿನ ಒಳಗೆ ಅಂಟಿಸುವ ಹಾಳೆ, ಎಲ್ಲವನ್ನೂ ಆ ಒಂದು ಸದ್ದಿಗಾಗಿ ತಿದ್ದುವ ಎಂಜಿನಿಯರುಗಳಿದ್ದಾರೆ. ವೀಣೆ ಶ್ರುತಿ ಮಾಡಿದ ಹಾಗೆ. ಅಪಘಾತದಲ್ಲಿ ಬಾಗಿಲು ಎಷ್ಟು ತಡೆದೀತು ಅನ್ನುವುದನ್ನು ಆ ಸದ್ದು ಹೇಳುವುದಿಲ್ಲ. ಆದರೂ ನನಗೂ ಅದೇ ಅಭ್ಯಾಸ. ಯಾರ ಕಾರಿನಿಂದ ಇಳಿದರೂ ಬಾಗಿಲ ಸದ್ದಿಗೆ ಕಿವಿ ಹೋಗುತ್ತದೆ.

ಹಿಂದಿನ ಸೀಟಿನ ವಿಷಯ ತಮಾಷೆಯದಲ್ಲ. ಮೊಣಕಾಲಿಗೆ ಎಷ್ಟು ಜಾಗ ಅಂತ ಪುಸ್ತಿಕೆಯಲ್ಲಿ ಬರೆದಿರುತ್ತಾರೆ. ಮುಂದಿನ ಸೀಟನ್ನು ಎಲ್ಲಿ ನಿಲ್ಲಿಸಿ ಅಳೆದರು ಅನ್ನುವುದರ ಮೇಲೆ ಆ ಅಂಕಿ ಬದಲಾಗುತ್ತದೆ. ಅಂಕಿ ಬಿಡಿ. ಮೊದಲು ಡ್ರೈವರ್ ಸೀಟಿನಲ್ಲಿ ಕೂತು ನಿಮಗೆ ಬೇಕಾದ ಹಾಗೆ ಹಿಂದೆ ಮುಂದೆ ಸರಿಸಿ. ಆಮೇಲೆ ಇಳಿದು ಹೋಗಿ ನಿಮ್ಮ ಹಿಂದೆ ನೀವೇ ಕೂತು ನೋಡಿ. ತೊಡೆಯ ಕೆಳಗೆ ಸೀಟು ತಾಗುತ್ತಿದೆಯಾ? ಚಾವಣಿ ಹಿಂದಕ್ಕೆ ಇಳಿಜಾರಾಗಿರುವ ಕಾರುಗಳಲ್ಲಿ ತಲೆ ತಾಗದಿರಲಿ ಅಂತ ಹಿಂದಿನ ಸೀಟನ್ನೇ ತಗ್ಗಿಸಿರುತ್ತಾರೆ. ಆಗ ಮೊಣಕಾಲು ಮೇಲೆದ್ದು ಕುಕ್ಕರುಗಾಲಲ್ಲಿ ಕೂತ ಹಾಗಾಗುತ್ತದೆ. ಹತ್ತು ನಿಮಿಷಕ್ಕೆ ಗೊತ್ತಾಗುವುದಿಲ್ಲ. ಎರಡು ಗಂಟೆ ಕೂತ ಅಮ್ಮ ಹೇಳುತ್ತಾರೆ.

ನಾನು ಕಂಡಂತೆ ಓಡಿಸುವವರು ಕಾರನ್ನು ಮೆಚ್ಚುತ್ತಾರೆ, ಹಿಂದೆ ಕೂರುವವರು ಗೀಟು ಹಾಕುತ್ತಾರೆ. ಅದಕ್ಕೇ ಅನುಭವಿ ಮಾರಾಟಗಾರರು ಮೊದಲ ದಿನ ಒಬ್ಬರೇ ಬಂದರೆ ಖುಷಿಪಡುತ್ತಾರೆ. ಮನೆಮಂದಿಯೆಲ್ಲ ಬಂದರೆ ನೀರು ಕುಡಿದುಕೊಂಡು ತಯಾರಾಗುತ್ತಾರೆ.

ಟೆಸ್ಟ್ ಡ್ರೈವಿನ ಬಗ್ಗೆ ಒಂದು ತಪ್ಪೊಪ್ಪಿಗೆ. ದಾರಿ ಯಾವುದೆಂದು ತೀರ್ಮಾನಿಸುವವರು ನಾವು. ನುಣ್ಣಗಿನ ರಸ್ತೆ, ಕಡಿಮೆ ತಿರುವು. ಸವಾರಿ ಮೆತ್ತಗಿರಲಿ ಅಂತ ಟೈರಿನ ಗಾಳಿ ಒಂದೆರಡು ಪಾಯಿಂಟ್ ಇಳಿಸಿಡುವವರನ್ನೂ ನೋಡಿದ್ದೇನೆ. ಇನ್ನೊಂದು ವಿಷಯ. ಎಷ್ಟೋ ಸಲ ನಿಮಗೆ ಓಡಿಸಲು ಸಿಗುವುದು ಅದೇ ಕಾರಿನ ತುದಿಯ, ಅಂದರೆ ಎಲ್ಲಕ್ಕಿಂತ ದುಬಾರಿ ಮಾದರಿ, ನೀವು ಕೊಳ್ಳುವುದು ಮಧ್ಯದ್ದು. ತುದಿಯದಕ್ಕೆ ದೊಡ್ಡ ರಿಮ್ಮು, ಅಂಚು ತೆಳ್ಳಗಿನ ಟೈರು. ನೋಡಲು ಚಂದ, ಗುಂಡಿಗೆ ಬಿದ್ದರೆ ಸೊಂಟಕ್ಕೆ ಪೆಟ್ಟು. "ಈ ಕಾರು ಕುಲುಕುತ್ತೆ" ಅಂತ ಗೀಟು ಹಾಕಿ ಹೋದ ಒಬ್ಬರು ತಾವು ಕೊಳ್ಳಬೇಕಿದ್ದ ಮಾದರಿಯ ಮೇಲೆ ಕೂತಿರಲೇ ಇಲ್ಲ. ಅದರ ರಿಮ್ಮು ಎರಡು ಇಂಚು ಚಿಕ್ಕದಿತ್ತು.

ಸಿವಿಟಿ ಗೇರ್‌ಬಾಕ್ಸ್ ಇನ್ನೊಂದು ಕಥೆ. ಅದರಲ್ಲಿ ಒಂದು, ಎರಡು, ಮೂರು ಅಂತ ಗೇರುಗಳಿಲ್ಲ. ಎರಡು ರಾಟೆಗಳ ನಡುವೆ ಒಂದು ಪಟ್ಟಿ. ಎಂಜಿನ್ನಿಗೆ ಹಿತವಾದ ವೇಗದಲ್ಲಿ ಅದನ್ನು ನಿಲ್ಲಿಸಿ ರಾಟೆಗಳು ಹೊಂದಿಕೊಳ್ಳುತ್ತವೆ. ಮೈಲೇಜಿಗೆ ಒಳ್ಳೆಯದು. ಆದರೆ ಕಾಲಿಟ್ಟು ಅದುಮಿದರೆ ಎಂಜಿನ್ ಒಂದೇ ರಾಗದಲ್ಲಿ ಕೂಗುತ್ತದೆ, ಕಾರು ಆಮೇಲೆ ನಿಧಾನಕ್ಕೆ ವೇಗ ಹಿಡಿಯುತ್ತದೆ. "ಏನೋ ಜಾರಿದ ಹಾಗಿದೆಯಲ್ರೀ" ಅಂತ ಹೇಳಿ ಇಳಿದವರು ಮತ್ತೆ ಹತ್ತಲಿಲ್ಲ. ಕಂಪನಿಗಳು ಏನು ಮಾಡಿದವು ಗೊತ್ತಾ? ಇಲ್ಲದ ಗೇರು ಬದಲಾದ ಹಾಗೆ ನಡುನಡುವೆ ಸಣ್ಣ ಎಳೆತ ಬರುವಂತೆ ಸಾಫ್ಟ್‌ವೇರ್ ಬರೆದವು. ಕಿವಿಗೆ ಸಮಾಧಾನ ಸಿಗಲಿ ಅಂತ.

ಇನ್ನು ಮೈಲೇಜ್. ಎಲ್ಲರ ಹಾಳೆಯಲ್ಲೂ ಇರುವ ಸಾಲು ಇದು, ಎಲ್ಲರೂ ತಪ್ಪು ಮಾಡುವ ಸಾಲೂ ಇದೇ. ಒಂದು ಕಾರು ಲೀಟರಿಗೆ 16, ಇನ್ನೊಂದು 18 ಕೊಡುತ್ತದೆ ಅನ್ನಿ. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸಿದರೆ ಮೊದಲನೆಯದಕ್ಕೆ 625 ಲೀಟರ್, ಎರಡನೆಯದಕ್ಕೆ 556. ವ್ಯತ್ಯಾಸ ತಿಂಗಳಿಗೆ ಆರು ಲೀಟರೂ ಇಲ್ಲ. ಇದಕ್ಕಾಗಿ ಹಿಂದಿನ ಸೀಟು ಚೆನ್ನಾಗಿದ್ದ ಕಾರಿಗೆ ಗೀಟು ಹಾಕಿದವರನ್ನು ನೋಡಿದ್ದೇನೆ. ಇನ್ನೊಂದು ಲೆಕ್ಕ ಹೇಳುತ್ತೇನೆ, ಮನಸ್ಸಿನಲ್ಲೇ ಮಾಡಿ. 10 ಕೊಡುವ ಕಾರು ಬಿಟ್ಟು 15 ಕೊಡುವುದಕ್ಕೆ ಬಂದವನಿಗೆ ಉಳಿತಾಯ ಜಾಸ್ತಿಯೋ, 20 ಬಿಟ್ಟು 30ಕ್ಕೆ ಬಂದವನಿಗೋ? 30 ಅಂತ ಹೇಳುವವರೇ ಹೆಚ್ಚು. ಅದೇ 10,000 ಕಿಲೋಮೀಟರಿಗೆ ಮೊದಲನೆಯವನು ಉಳಿಸುವುದು 333 ಲೀಟರ್, ಎರಡನೆಯವನು 167. ಅರ್ಧ! ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಕೇಳುವುದು ಬಿಟ್ಟು ನನ್ನ ಓಡಾಟಕ್ಕೆ ಎಷ್ಟು ಲೀಟರ್ ಅಂತ ಕೇಳಿದರೆ ಎಷ್ಟೋ ಗೀಟುಗಳು ಬೀಳುವುದಿಲ್ಲ. ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ವಿಷಯ ಬೇರೆ, ಅಲ್ಲಿ ಅಂತರ ನಿಜಕ್ಕೂ ದೊಡ್ಡದು. ಅಮೆರಿಕದಲ್ಲಿ 2025ರ ಮಾದರಿಯಿಂದ ಕ್ಯಾಮ್ರಿ ಬರೀ ಹೈಬ್ರಿಡ್ ಆಗಿಯೇ ಬರುತ್ತಿದೆ.

ಕೊಂಡ ಮೇಲೆ ಯಾಕೆ ಕೊಂಡಿರಿ ಅಂತ ಕೇಳಿದರೆ ಯಾರೂ ಗೀಟಿನ ಕಥೆ ಹೇಳುವುದಿಲ್ಲ. "ಒಳ್ಳೆ ಮೈಲೇಜು, ಸೇಫ್ಟಿ ಚೆನ್ನಾಗಿದೆ" ಅನ್ನುತ್ತಾರೆ. ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಮನೆಗೆ ಬಂದ ಮೇಲೆ ಉಳಿದ ಕಾರಿಗೆ ಕಾರಣಗಳನ್ನು ಜೋಡಿಸುತ್ತಾ ಹೋಗುತ್ತೇವೆ, ಎಲ್ಲರೂ. ಬೇರೆ ಕಾರಿನ ಡಿಕ್ಕಿ ಮುಚ್ಚಳ ವೀಲ್‌ಚೇರಿಗೆ ತಾಗಿತು ಅಂತ ನೆಂಟರ ಮುಂದೆ ಯಾರು ಹೇಳುತ್ತಾರೆ?

ಈಚೆಗೆ ಸೆಡಾನ್ ಅನ್ನುವ ಜಾತಿಗೇ ಗೀಟು ಬೀಳುತ್ತಿದೆ. ಫೋರ್ಡ್ 2018ರಲ್ಲೇ ಉತ್ತರ ಅಮೆರಿಕದಲ್ಲಿ ಸೆಡಾನ್‌ಗಳನ್ನು ಕೈಬಿಡುವುದಾಗಿ ಹೇಳಿತು, 2020ರಲ್ಲಿ ಅಲ್ಲಿ ಅದರ ಫ್ಯೂಷನ್ ಎಂಬ ಸೆಡಾನ್ ನಿಂತಿತು. ಎಸ್‌ಯುವಿಗಳು ಬಂದವು, ಫ್ಯಾಷನ್ ಅಂತ ನಾವು ಬೈಯುತ್ತೇವೆ. ಮೊಣಕಾಲು ನೋವಿನವರನ್ನು ಕೇಳಿ. ಸೆಡಾನಿನ ಸೀಟಿಗೆ ಇಳಿಯಬೇಕು, ಎಸ್‌ಯುವಿ ಸೀಟಿಗೆ ಸುಮ್ನೆ ಪಕ್ಕಕ್ಕೆ ಸರಿದರೆ ಆಯಿತು. ಅದರ ಮುಂದೆ ನಾನು ವಾದ ಮಾಡಲಾರೆ.

ನೀವು ಯಾವ ಕಾರು ಇಟ್ಟಿದ್ದೀರಿ ಅಂತ ಆಗ ಒಬ್ಬರು ಕೇಳಿದರು. ಹೇಳುತ್ತೇನೆ, ಹೆಸರು ಬೇಡ. ಇಷ್ಟು ವರ್ಷದ ಅನುಭವ ಅಲ್ವಾ, ನಾನೂ ಹಾಳೆ ಮಾಡಿದೆ, ಹದಿನೈದು ಸಾಲು. ಗೆದ್ದದ್ದು ನಾನೇ ಮಾರುತ್ತಿದ್ದ ಕಾರು. ತಿಳಿಗೆಂಪು ಸೀಟು, ಅದೇ ತಿಳಿ ಬಣ್ಣದ ಡ್ಯಾಶ್‌ಬೋರ್ಡ್, ಒಳಗೆ ಕೂತರೆ ಅರಮನೆ. ಹೆಂಡತಿಯನ್ನು ಮಧ್ಯಾಹ್ನ ಹನ್ನೆರಡೂವರೆಗೆ ಕರೆದುಕೊಂಡು ಹೋಗಿ ಸ್ಟೀರಿಂಗ್ ಮುಂದೆ ಕೂರಿಸಿದೆ. ಎರಡು ನಿಮಿಷ ಓಡಿಸಿ ಪಕ್ಕಕ್ಕೆ ನಿಲ್ಲಿಸಿದಳು. "ರೀ, ಗಾಜಿನ ತುಂಬಾ ಈ ಡ್ಯಾಶ್‌ಬೋರ್ಡೇ ಕಾಣ್ತಿದೆಯಲ್ಲ. ರಸ್ತೆ ಎಲ್ಲಿ ನೋಡೋದು?" ಬಗ್ಗಿ ನೋಡಿದೆ. ನಿಜ. ಬಿಸಿಲು ನೇರಕ್ಕೆ ಬಿದ್ದಾಗ ಆ ತಿಳಿ ಬಣ್ಣ ಮುಂದಿನ ಗಾಜಿನಲ್ಲಿ ತೆರೆ ಎಳೆದ ಹಾಗೆ ಪ್ರತಿಬಿಂಬಿಸುತ್ತಿತ್ತು. ಶೋರೂಮಿನ ಟ್ಯೂಬ್‌ಲೈಟಿನ ಕೆಳಗೆ ಅದು ಕಾಣುವುದಿಲ್ಲ. ನಾನು ಟೆಸ್ಟ್ ಡ್ರೈವಿಗೆ ಕರೆದೊಯ್ಯುತ್ತಿದ್ದುದೂ ಬಿಸಿಲೇರುವ ಮುಂಚೆ.

ಆರು ವರ್ಷ ಆ ಕಾರು ಮಾರಿದ್ದೆ. ವಾಪಸ್ ಬರುವಾಗ ಓಡಿಸಿದ್ದು ನಾನು, ಗಾಜಿನಲ್ಲಿ ಬೇರೇನೂ ಕಾಣಲಿಲ್ಲ.